ಮುಚ್ಚಿದ ಕೋಣೆಯ ಕೆಂಡ: ಕೆಂಚೇಗೌಡರಿಗೊಂದು ವಿದಾಯ

ಆತ್ಮೀಯ ಬಂಧುಗಳೇ, ಸ್ನೇಹಿತರೇ...

ಈ ಸಾಲುಗಳನ್ನು ಬರೆಯುತ್ತಿರುವವನು ನಾನೇ ಎಂದು ಮನಸ್ಸು ಇನ್ನೂ ಒಪ್ಪುತ್ತಿಲ್ಲ.
ಹಾರಂಗಿಯ ನಮ್ಮ ಕೆಂಚೇಗೌಡರು ಇಂದು ಮಧ್ಯಾಹ್ನ ನೇಪಾಳದ ಪೋಖರಾದಲ್ಲಿ ತೀರಿಕೊಂಡರು...
ಊಟ ಮಾಡಿ ಮಲಗಿದವರು ಏಳಲಿಲ್ಲ.

ಪ್ರವಾಸಕ್ಕೆ ನಮ್ಮ ಜೊತೆ ಬಂದಿರುವ ಸಿದ್ದಾಪುರದ ಉತ್ತಯ್ಯನವರು ಗೌಡರ ಮಗನಿಗೆ ಫೋನಿನಲ್ಲಿ ವಿಷಯ ತಿಳಿಸಿದ್ದಾರೆ. ಮಗ ಹೊರಟಿದ್ದಾನೆ.
ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೇನೆ.
ಊರವರ ಅರ್ಜಿಗಳನ್ನು ದುಂಡಕ್ಷರದಲ್ಲಿ ನಕಲು ಮಾಡಿಕೊಡುತ್ತಲೇ ತಲೆ ನರೆತವನು ನಾನು. ಯಾವ ಸಾಹೇಬರ ಮುಂದೆಯೂ ಒಂದಕ್ಷರವೂ ತಪ್ಪಿದ್ದಿಲ್ಲ.
ಇಂದು ಸಾಲು ಸಾಲಿಗೂ ತಪ್ಪುತ್ತಿದೆ...
ದುಃಖಕ್ಕಿಂತ ಹೆಚ್ಚಾಗಿ ಭಯದಿಂದ.

ಆ ಭಯದ ಕಾರಣವನ್ನು ತಮ್ಮೆಲ್ಲರ ಗಮನಕ್ಕೆ ತರುವುದು ನನ್ನ ಕರ್ತವ್ಯವಾಗಿರುತ್ತದೆ.
ದಯಮಾಡಿ ಕೊನೆಯವರೆಗೆ ಓದಬೇಕು.
ಪೊನ್ನಂಪೇಟೆಯಲ್ಲಿರುವವರು ತುರ್ತಾಗಿ ಓದಬೇಕು.

ಬೆಳಿಗ್ಗೆ ಮೂವರೂ ಸರೋವರದಲ್ಲಿ ದೋಣಿಯೇರಿದ್ದೆವು. ಹಿಮದ ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು. ಗೌಡರು ನನ್ನ ಕೈ ಮುಟ್ಟಿ ನೋಡಿ ನಕ್ಕರು.
"ರೈಟ್ರೇ, ನಿಮ್ ಕೈ ಐಸ್‌ಕ್ಯಾಂಡಿ ಆಗೈತೆ. ಇನ್ನು ಅರ್ಜಿ ಬರೆದಂಗೇ!"

ಮಧ್ಯಾಹ್ನದ ಊಟಕ್ಕೆ ಢಿಂಡೊ ಎಂಬ ಅಲ್ಲಿನ ತಿನಿಸು ಬಂತು. ಕೋದೋ ಎಂದರೆ ನಮ್ಮ ರಾಗಿಯೇ, ಅದರ ಹಿಟ್ಟನ್ನು ತಿರುವಿ ಮಾಡಿದ್ದು, ಜೊತೆಗೆ ಸೊಪ್ಪಿನ ಹುಳಿ. ಗೌಡರು ಎದ್ದೇ ನಿಂತರು.
"ಅಯ್ಯೋ, ಇದು ನಮ್ ಮುದ್ದೆ ಕಣ್ರೀ! ಇದನ್ ತಿನ್ನಕ್ಕೆ ವಿಮಾನ ಹತ್ತಿ ಬಂದ್ನಾ?"
ಉತ್ತಯ್ಯನವರು ಬಿಡಲಿಲ್ಲ. "ನುಂಗಿ ಗೌಡ್ರೇ, ಅಗೀಬೇಡಿ. ನಿಮ್ಮ ಮರ್ಯಾದೆ ಹೋಗ್ತದೆ."
ಗೌಡರು ಎರಡನೆಯ ಸಲ ಹಾಕಿಸಿಕೊಂಡರು...

ಊಟವಾದ ಮೇಲೆ ಚಳಿ ಏರಿತು.
ಲಾಡ್ಜಿನ ಅಂಗಳದಲ್ಲಿ ಅತಿಥಿಗಳು ಮೈ ಕಾಯಿಸಿಕೊಳ್ಳಲೆಂದು ಇದ್ದಿಲ ಕೆಂಡದ ಅಗ್ಗಿಷ್ಟಿಕೆ ಇಟ್ಟಿದ್ದರು. ಗೌಡರು ಅದನ್ನೆತ್ತಿ ತಮ್ಮ ಕೋಣೆಗೆ ನಡೆದರು. ಲಾಡ್ಜಿನ ಯಜಮಾನಿ ಓಡಿ ಬಂದು, ಒಳಗೆ ಬೇಡವೆಂದು ಎರಡೂ ಕೈಯಾಡಿಸಿದರು.
"ಹೋಗವ್ವ, ನಮ್ಮೂರಲ್ಲಿ ಹಸುಗೂಸನ್ನೇ ಕೆಂಡದ ಪಕ್ಕ ಮಲಗುಸ್ತೀವಿ" ಎಂದು ಗೌಡರು ಬಾಗಿಲು ಹಾಕಿಕೊಂಡರು.
ಅದು ಗಾಜಿನ ಕಿಟಕಿಯ ಕೋಣೆ. ಗಾಳಿ ನುಸುಳದಂತೆ ಸಂದುಗಳಿಗೆ ಟೇಪ್ ಹಚ್ಚಿದ್ದರು.

ನಾನೂ ಉತ್ತಯ್ಯನವರೂ ಶಾಲು ಕೊಳ್ಳಲು ಪೇಟೆಗೆ ಹೋದೆವು.
ಹಿಂತಿರುಗಿ ಚಹಾಕ್ಕೆ ಎಬ್ಬಿಸಲು ಹೋದೆ.
ಮಲಗಿದ್ದರು. ಕೆನ್ನೆ ಕೆಂಪೇರಿತ್ತು.
ಪರವಾಗಿಲ್ಲ, ಚಳಿ ಬಿಟ್ಟಿದೆ ಎಂದುಕೊಂಡೆ...
ಬಂಧುಗಳೇ, ಆ ಕೆಂಪು ಬಣ್ಣವೇ ವಿಷದ ಗುರುತೆಂದು ಆಮೇಲೆ ವೈದ್ಯರು ಹೇಳಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದಂತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಮ್ಮು ಕೂಡ ಬರುವುದಿಲ್ಲ.

ಕೆಂಚೇಗೌಡರೇ...
ನಿಮ್ಮದು ತಪ್ಪೆಂದು ನಾನು ಹೇಗೆ ಹೇಳಲಿ?
ನಾವೆಲ್ಲ ಕೆಂಡದ ಪಕ್ಕದಲ್ಲೇ ಬೆಳೆದವರು. ಆದರೆ ಅವು ಹೆಂಚಿನ ಮನೆಗಳು. ಪ್ರತಿ ಹೆಂಚಿನ ಸಂದಿಯಲ್ಲೂ ಗಾಳಿಗೆ ದಾರಿಯಿತ್ತು. ನಮ್ಮನ್ನು ಉಳಿಸಿದ್ದು ಆ ಸಂದಿಗಳು. ಅದು ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.
ಹೊದಿಕೆ ಸರಿಪಡಿಸಿ, ಬಾಗಿಲನ್ನು ಮತ್ತೆ ಎಳೆದುಕೊಂಡು ಹೊರಡಲಿದ್ದೆ ಗೌಡರೇ... ಕರೆದರೆ ಓಗೊಡಲಿಲ್ಲವೆಂದು ನಿಂತೆ.

ವೈದ್ಯರು ಹೇಳಿ ಮುಗಿಸುವ ಮೊದಲೇ ನನ್ನ ಕಣ್ಣಿಗೆ ಕಟ್ಟಿದ್ದು ಇನ್ನೊಂದು ಕೋಣೆ.
ಪೊನ್ನಂಪೇಟೆಯ ನಮ್ಮ ಹೊಸ ಆರ್‌ಸಿಸಿ ಮನೆ. ಒಳಗೆ ಬಾಣಂತಿ ಮಗಳು, ಇನ್ನೂ ಹೆಸರಿಡದ ಕೂಸು. ಶೀತವಾಗಬಾರದೆಂದು ಗಾಜಿನ ಕಿಟಕಿಗಳನ್ನು ಬಿಗಿದು ನನ್ನ ಶ್ರೀಮತಿ ಸಂಜೆಯಾಗುತ್ತಲೇ ಮಂಚದಡಿಗೆ ಕೆಂಡ ಸರಿಸುತ್ತಾಳೆ.

ಕೂಡಲೇ ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡಿದೆ. ವಿಷಯ ಕೇಳಿ ಅತ್ತಳು. ಆದರೆ ಕೆಂಡದ ಮಾತು ಒಪ್ಪಲಿಲ್ಲ.
"ಪಾಪ, ಅವರಿಗೆ ಬಿಪಿ ಇತ್ತಲ್ಲ... ಕೆಂಡದಿಂದ ಯಾರಾದರೂ ಸಾಯ್ತಾರಾ?"
"ಕಿಟಕಿ ತೆಗಿ ಮಾರಾಯ್ತಿ, ಮೊದಲು ಕಿಟಕಿ ತೆಗಿ!"
"ಹಿಮ ನೋಡ್ಲಿಕ್ಕೆ ಹೋದವರು ನೀವು, ಬಾಣಂತಿ ಕೋಣೆ ವಿಷಯ ನಂಗೆ ಹೇಳ್ಲಿಕ್ಕೆ ಬರ್ತೀರಾ? ಮೂರು ಹೆತ್ತು ಇದೇ ಕೆಂಡದಲ್ಲಿ ಎದ್ದವಳು ನಾನು. ಈಗಷ್ಟೇ ಸ್ನಾನ ಮಾಡ್ಸಿ ಮಲಗ್ಸಿದ್ದೇನೆ, ಇಬ್ಬರೂ ಒಳ್ಳೆ ನಿದ್ದೇಲಿ ಉಂಟು..."

ಒಳ್ಳೆಯ ನಿದ್ದೆ...
ಅಷ್ಟರಲ್ಲಿ ಕರೆ ಕಡಿದುಹೋಯಿತು. ಕರೆಂಟ್ ಹೋಗಿ ವೈಫೈ ನಿಂತಿರಬೇಕು. ಆ ಮನೆಯೊಳಗೆ ಬೇರೆ ನೆಟ್‌ವರ್ಕ್ ಸಿಗುವುದಿಲ್ಲ. ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದೇನೆ.

ಆದಕಾರಣ, ಇದನ್ನು ಓದುತ್ತಿರುವ ಪೊನ್ನಂಪೇಟೆಯ ಬಂಧುಗಳಲ್ಲಿ ನನ್ನ ಸವಿನಯ ಪ್ರಾರ್ಥನೆ ಏನೆಂದರೆ...
ಯಾರಾದರೂ ಈಗಲೇ ನನ್ನ ಮನೆಗೆ ಹೋಗಿ.
ಬಾಗಿಲು ತಟ್ಟಿ. ತೆಗೆಯದಿದ್ದರೆ ಗಾಜು ಒಡೆಯಿರಿ. ಜವಾಬ್ದಾರಿ ನನ್ನದು.
ಮಗಳನ್ನೂ ಕೂಸನ್ನೂ ಹೊರಗೆ ತನ್ನಿ.
ನನ್ನ ಜೀವಮಾನದಲ್ಲಿ ನನಗೋಸ್ಕರ ಸಲ್ಲಿಸುತ್ತಿರುವ ಅರ್ಜಿ ಇದೊಂದೇ. ತಿರಸ್ಕರಿಸಬೇಡಿ.

ಉಳಿದವರೂ ಲೈಕ್ ಒತ್ತಿ ಮುಂದೆ ಹೋಗದೆ, ತಮ್ಮ ಮನೆಯ ಬಾಣಂತಿ ಕೋಣೆ, ಮುದುಕರ ಕೋಣೆ, ಹೋಂಸ್ಟೇ ಕೋಣೆಗಳನ್ನು ಒಮ್ಮೆ ನೋಡಿ ಬರಬೇಕಾಗಿ ಕೋರಿಕೆ.

ಸೇರ್ಪಡೆ:
ಪಕ್ಕದ ಮನೆಯ ದೇಚಮ್ಮ ಈಗ ಈ ಪೋಸ್ಟಿನ ಕೆಳಗೆ ಬರೆದಿದ್ದಾಳೆ. ಓದಲು ಕನ್ನಡಕ ನಿಲ್ಲುತ್ತಿಲ್ಲ. ಉತ್ತಯ್ಯನವರು ಓದಿ ಹೇಳಿದರು.
"ಅಂಕಲ್, ಕಿಟಕಿ ಎಲ್ಲಾ ತೆಗ್ದಿದ್ದೇನೆ. ಕೆಂಡ ಅಂಗಳಕ್ಕೆ ಹಾಕಿ ನೀರು ಹೊಯ್ದೆ. ಅಕ್ಕನಿಗೆ ತಲೆನೋವು, ವಾಂತಿ. ಜೀಪಿನಲ್ಲಿ ಆಸ್ಪತ್ರೆಗೆ ಹೊರಟಿದ್ದೇವೆ. ಎಚ್ಚರ ಉಂಟು, ಮಾತಾಡ್ತಿದ್ದಾರೆ. ಆಂಟಿ ನನಗೆ ಬೈತಾ ಬೈತಾನೇ ಜೀಪ್ ಹತ್ತಿದ್ರು. ಪಾಪು ಜೋರು ಅಳ್ತಾ ಉಂಟು."

ಅಳಲಿ...
ಆ ಕೂಸು ಅಳುತ್ತಲೇ ಇರಲಿ.

ಕೆಂಚೇಗೌಡರೇ, ಈಗ ನಿಮಗಾಗಿ ಅಳಲು ನನಗೂ ಉಸಿರು ಬಂತು.
ನಿಮ್ಮ ಮಗ ಬರುವವರೆಗೆ ಈ ಬೆಂಚು ಬಿಟ್ಟು ಏಳುವುದಿಲ್ಲ.
ಹೋಗಿ ಬನ್ನಿ ಗೌಡರೇ... ತಮ್ಮ ಆತ್ಮಕ್ಕೆ ತಂಪಾದ ಗಾಳಿಯೂ ನೆಮ್ಮದಿಯೂ ದೊರಕಲಿ.