ಅತ್ತೆಯನ್ನು ತಪಾಸಣೆ ಮಾಡಿದ ದಿನ

ಎಂಬತ್ತೈದೋ ಎಂಬತ್ತಾರೋ, ವರ್ಷ ಸರಿಯಾಗಿ ನೆನಪಿಲ್ಲ. ಆಗ ನಾನು ಬಾದಾಮಿಯಲ್ಲಿ ಹೋಮ್‌ಗಾರ್ಡ್ ಆಗಿದ್ದೆ. ನಮ್ಮ ತಾಲೂಕು ಇನ್ನೂ ವಿಜಾಪುರ ಜಿಲ್ಲೆಯೊಳಗಿತ್ತು. ಚುನಾವಣೆ ಬಂದರೆ, ದೊಡ್ಡ ಮನುಷ್ಯರು ಬಂದರೆ ಠಾಣೆಯಿಂದ ಕರೆ ಬರುತ್ತಿತ್ತು. ಖಾಕಿ ಸೀರೆ ಉಟ್ಟು ಹೋಗಬೇಕು. ಉಳಿದ ದಿನ ಒಲೆ, ಎಮ್ಮೆ, ಮಕ್ಕಳು. ನನ್ನ ತವರು ಇಳಕಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದೆ, ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟೆ. ಗಂಡ ಕೆರೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ.

ನನ್ನ ಕೆಲಸ ಹೆಣ್ಣುಮಕ್ಕಳ ತಪಾಸಣೆ. ಗಂಡು ಪೊಲೀಸರು ಹೆಂಗಸರ ಮೈ ಮುಟ್ಟುವಂತಿಲ್ಲ. ಅದಕ್ಕಾಗಿ ನಾಲ್ಕು ಗಳ ನೆಟ್ಟು ಸುತ್ತ ಬಟ್ಟೆ ಕಟ್ಟುತ್ತಿದ್ದರು. ಅದಕ್ಕೆ ಕನಾತು ಅನ್ನುತ್ತಿದ್ದೆವು. ಒಳಗೆ ನಾನು ಮತ್ತು ಇಮಾಂಬಿ. ಇಮಾಂಬಿ ಕುಳಗೇರಿ ಕ್ರಾಸಿನವಳು, ನನಗಿಂತ ಮೊದಲು ಸೇರಿದವಳು, ಬಾಯಿ ಜೋರು.

ಮೊದಮೊದಲು ಬಂದೋಬಸ್ತು ಅಂದರೆ ಕುಡುಕರು, ಕಲ್ಲು ತೂರುವವರು, ಕಿಸೆಗಳ್ಳರು, ಇಷ್ಟೇ. ಆಮೇಲೆ ಉತ್ತರದ ಕಡೆ ಬಾಂಬಿನ ಸುದ್ದಿ ಶುರುವಾಯಿತು. ಟ್ರಾನ್ಸಿಸ್ಟರಿನೊಳಗೆ ಬಾಂಬು ಇಡುತ್ತಾರೆ ಅಂದರು. ವಾರಸುದಾರರಿಲ್ಲದ ವಸ್ತು ಮುಟ್ಟಬೇಡಿ ಅಂತ ಬಸ್‌ಸ್ಟ್ಯಾಂಡಿನಲ್ಲಿ ಚೀಟಿ ಅಂಟಿಸಿದರು. ಹುನಗುಂದದ ಸ್ಟ್ಯಾಂಡಿನಲ್ಲಿ ಯಾರೋ ರೊಟ್ಟಿ ಗಂಟು ಮರೆತು ಹೋಗಿದ್ದಕ್ಕೆ ಜನವೆಲ್ಲ ಹೊರಗೆ ಓಡಿ ನಿಂತರಂತೆ. ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಖರೆ ಹೇಳಬೇಕೆಂದರೆ ನನಗೂ ಅಂಜಿಕೆ ಇತ್ತು. ಬಾಂಬು ತಂದವಳು ಮೊದಲು ದಾಟಬೇಕಾದದ್ದು ನನ್ನನ್ನೇ.

ಆಗಲೇ ಮೆಟಲ್ ಡಿಟೆಕ್ಟರ್ ಬಂತು. ಹಿಡಿಕೆ ಇದ್ದ ಬಡಿಗೆಯಂಥ ಮಷೀನು. ಮೈಮೇಲೆ ಆಡಿಸಿದರೆ ಕಬ್ಬಿಣ, ಬೆಳ್ಳಿ, ಬಂಗಾರ ಸಿಕ್ಕಲ್ಲಿ ಕೂಗುತ್ತದೆ. ಬಾಗಲಕೋಟೆಗೆ ಕರೆಸಿ ಹಿಡಿಯುವುದನ್ನು ಕಲಿಸಿದರು. ಕಲಿಸಿದ ಸಾಹೇಬರು ದಕ್ಷಿಣದ ಕಡೆಯವರು. "ನೋಡಮ್ಮ, ಇದು ಕೂಗುತ್ತೆ ಅಷ್ಟೆ. ಯಾಕೆ ಕೂಗ್ತು ಅಂತ ಇದಕ್ಕೆ ಗೊತ್ತಿಲ್ಲ. ಅದನ್ನ ನೀವು ಹೇಳಬೇಕು," ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು.

ಮನೆಯಲ್ಲಿ ಅತ್ತೆಗೆ ಈ ಕೆಲಸ ಸೇರುತ್ತಿರಲಿಲ್ಲ. ಅತ್ತೆಯ ಹೆಸರು ಗುರುಬಸವ್ವ. ದಿನಾ ಮುಂಜಾನೆ ಲಿಂಗಪೂಜೆ ಆಗದೆ ನೀರು ಮುಟ್ಟುವವಳಲ್ಲ. "ಊರ ಹೆಂಗಸರ ಮೈ ತಡವಿದ ಕೈಲೆ ನನಗ ರೊಟ್ಟಿ ಬಡೀಬ್ಯಾಡ," ಅನ್ನುತ್ತಿದ್ದಳು. ನನ್ನ ಡ್ಯೂಟಿಯ ದಿನ ತನ್ನ ರೊಟ್ಟಿ ತಾನೇ ಬಡಿದುಕೊಳ್ಳುತ್ತಿದ್ದಳು. ಅಂಥದ್ದರಲ್ಲಿ ದಿಲ್ಲಿಯಿಂದ ದೊಡ್ಡ ಮಂತ್ರಿಯೊಬ್ಬರು ಹೆಲಿಕಾಪ್ಟರಿನಲ್ಲಿ ಬಾದಾಮಿಗೆ ಬರುತ್ತಾರೆ ಅಂತ ಗೊತ್ತಾಯಿತು. ಸಾಲೆಯ ಬಯಲಿನಲ್ಲಿ ಸಭೆ. ನನಗೆ ಕರೆ ಬಂತು. ಅತ್ತೆ ಒಲೆಯ ಮುಂದೆ ಕೂತೇ ಹೇಳಿದಳು:

"ಇದ ಕಡೀದು. ಇದಾದ ಮ್ಯಾಲ ಖಾಕಿ ಬೇಕೋ, ಮನಿ ಬೇಕೋ, ನೀನ ಹೇಳು."

ಗಂಡನ ಮುಖ ನೋಡಿದೆ. "ಅವ್ವ ಹೇಳಿದ್ದು ಕೇಳು," ಅಂದು ಚಪ್ಪಲಿ ಮೆಟ್ಟಿ ಹೋದ.

ಖಾಕಿ ಬಿಡಲು ನನಗೆ ಮನಸ್ಸಿರಲಿಲ್ಲ. ಉಳಿದ ದಿನ ನಾನು ಇಂಥವನ ಹೆಂಡತಿ, ಇಂಥವಳ ಸೊಸೆ. ಆ ಸೀರೆ ಉಟ್ಟ ದಿನ ಮಾತ್ರ ಜನ ನೀಲವ್ವಾ ಅಂತ ಹೆಸರು ಹಿಡಿದು ಕರೆಯುತ್ತಿದ್ದರು. ಇನ್ನು ಅದೂ ತಪ್ಪಿಹೋಗುತ್ತದೆ. ಹಾಗೇ ಡ್ಯೂಟಿಗೆ ಹೋದೆ.

ಸಭೆಯ ದಿನ ಹೆಂಗಸರ ಸಾಲು ಬಯಲಿನ ಬೇಲಿಯವರೆಗೆ ಬೆಳೆದಿತ್ತು. ಮಷೀನು ಒಬ್ಬರನ್ನೂ ಸುಮ್ಮನೆ ಬಿಡಲಿಲ್ಲ. ತಾಳಿಗೆ ಕೂಗಿತು, ಕಾಲುಂಗುರಕ್ಕೆ ಕೂಗಿತು. ಎಲ್ಲಕ್ಕಿಂತ ಹೆಚ್ಚು ಕೂಗಿದ್ದು ಕರಡಿಗೆಗೆ. ನಮ್ಮಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರದಿಂದ ಕೊರಳಿಗೆ ಕಟ್ಟಿಕೊಳ್ಳುತ್ತಾರೆ, ಅದು ಎದೆಯ ಮೇಲೆ ಇಳಿಬಿದ್ದಿರುತ್ತದೆ. ಮೈಯಿಂದ ತೆಗೆಯುವಂತಿಲ್ಲ, ಬೇರೆಯವರ ಕೈಗೆ ಕೊಡುವಂತಿಲ್ಲ. ಹೊರಗೆ ನಿಂತಿದ್ದ ಬಂದೋಬಸ್ತಿನ ಸಾಹೇಬರು, "ಕೂಗಿದ್ದೆಲ್ಲ ತೆಗೆಸಿ ಟ್ರೇಯಲ್ಲಿಡಿ," ಅಂದರು. ಸಾಲಿನಲ್ಲಿದ್ದ ಹೆಂಗಸರು ಕೇಳಿಸಿಕೊಂಡು ಗದ್ದಲ ಎಬ್ಬಿಸಿದರು.

"ಏನವಾ, ಲಿಂಗಪ್ಪಗೂ ಬಾಂಬ್ ಕಟಗೊಂಡ ಬಂದೀವೇನ?"

"ಮಂತ್ರಿ ಬ್ಯಾಡ ಅವನ ಭಾಷಣಾನೂ ಬ್ಯಾಡ, ನಡೀರವಾ ಮನಿಗೆ."

ನಾನೂ ಲಿಂಗ ಕಟ್ಟಿಕೊಂಡವಳೇ. ಸಾಹೇಬರಿಗೆ ವಿಷಯ ತಿಳಿಸಿದೆ. ಅವರು, "ಸರಿ, ಮೈಯಿಂದ ತೆಗೆಯೋದು ಬೇಡ. ಆದರೆ ಕಾರಣ ಗೊತ್ತಾಗದ ಕೂಗು ಒಂದೂ ಒಳಗೆ ಹೋಗಬಾರದು," ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹೀಗೆ ಮಾಡಿದೆವು: ದಾರ ಕೊರಳಲ್ಲೇ ಇರಲಿ, ಕರಡಿಗೆಯನ್ನು ಅವರೇ ಪೂಜೆಗೆ ಹಿಡಿದಂತೆ ಎಡಗೈಯಲ್ಲಿ ಹಿಡಿದು ಎದೆಯಿಂದ ಆಚೆ ಚಾಚಬೇಕು. ನಾವು ಮುಟ್ಟುವುದಿಲ್ಲ. ಆಮೇಲೆ ಎದೆಯ ಮೇಲೆ ಇನ್ನೊಮ್ಮೆ ಮಷೀನು. ಹೆಂಗಸರು ಒಪ್ಪಿದರು. ಆದರೆ ಕೆಲಸ ನಿಧಾನವಾಯಿತು. ಬಿಸಿಲು ಏರಿದಂತೆ ಇಮಾಂಬಿ ಬೇಸತ್ತಳು. ಎದೆಯ ಮೇಲೆ ಕೂಗಿದರೆ ಸಾಕು, "ಅದು ಕರಡಿಗಿ, ನಡೀರಿ ಮುಂದ," ಅಂತ ಬಿಡತೊಡಗಿದಳು. "ಹಂಗ ಬಿಡಬ್ಯಾಡ," ಅಂದರೆ, "ನಿನ್ನ ದೇವ್ರ ಮ್ಯಾಲ ನಿನಗ ನಂಬಿಕಿ ಇಲ್ಲ, ನನಗೈತಿ," ಅಂತ ನಕ್ಕಳು.

ಅಷ್ಟರಲ್ಲಿ ಕನಾತಿನ ಬಟ್ಟೆ ಸರಿಸಿ ಅತ್ತೆ ಒಳಗೆ ಬಂದಳು. ಪೆಟ್ಟಿಗೆಯಲ್ಲಿ ಇಟ್ಟಿದ್ದ ಒಳ್ಳೆಯ ಇಳಕಲ್ಲ ಸೀರೆ ಉಟ್ಟಿದ್ದಳು.

"ಇಮಾನ ನೋಡಾಕ ಬಂದೀನಿ. ನಿನ್ನ ನೋಡಾಕ ಅಲ್ಲ," ಅಂದಳು. ಹೆಲಿಕಾಪ್ಟರಿಗೆ ಅವಳು ಇಮಾನ ಅನ್ನುತ್ತಿದ್ದಳು.

ಇಮಾಂಬಿ ನನ್ನ ಮೊಣಕೈ ತಿವಿದಳು. "ನಿಮ್ಮ ಅತ್ತಿ ಅಲ್ಲೇನ? ಬಿಡವಾ ತಾಯಿ, ಮನ್ಯಾಗ ಬಾಳೇವ ಮಾಡಾಕಿ ನೀನ."

ಬಿಡಬಹುದಿತ್ತು. ಬಿಟ್ಟರೆ ಮನೆಯಲ್ಲಿ ಮಾತು ಸ್ವಲ್ಪ ಮೆತ್ತಗಾಗುತ್ತಿತ್ತೋ ಏನೋ. ಆದರೆ ಹಿಂದೆ ಸಾಲು ನಿಂತಿತ್ತು, ಬಟ್ಟೆಯ ಸಂದಿಯಿಂದ ನೋಡುತ್ತಿತ್ತು. ಅತ್ತೆಯನ್ನು ಬಿಟ್ಟವಳು ಅವರನ್ನು ಯಾವ ಬಾಯಿಂದ ನಿಲ್ಲಿಸಲಿ? ಮಷೀನು ಎತ್ತಿದೆ. ಎದೆಯ ಮೇಲೆ ಕೂಗಿತು.

"ಕರಡಿಗಿ ಕೈಯಾಗ ಹಿಡೀರಿ, ಅತ್ತಿ."

"ನನಗ ಹೇಳ್ತೀಯೇನ?"

"ಎಲ್ಲಾರಿಗೂ ಹೇಳೀನ್ರಿ."

ಸಿಡಿಮಿಡಿಗೊಂಡು ಕರಡಿಗೆ ಹಿಡಿದಳು. ಕೈ ಚಾಚಿದಳು. ಮಷೀನು ಮತ್ತೆ ಆಡಿಸಿದೆ. ಕರಡಿಗೆ ಆಚೆ ಇದ್ದರೂ ಮೊದಲಿನಷ್ಟೇ ಜೋರಾಗಿ ಕೂಗಿತು. ಇಮಾಂಬಿಯ ನಗು ನಿಂತಿತು. ಕುಪ್ಪಸದೊಳಗೆ ಏನಿದೆ ಅಂತ ಕೇಳಿದೆ. ಅತ್ತೆ ಮುಖ ಆಚೆ ತಿರುಗಿಸಿದಳು. ನಾನೇ ಕೈ ಹಾಕಿದೆ. ಹಳೆಯ ಬಟ್ಟೆಯ ಚೂರಿನಲ್ಲಿ ಸುತ್ತಿದ ಅಡಕತ್ತರಿ. ಗಟ್ಟಿ ಕಬ್ಬಿಣದ್ದು, ಅಲಗು ಹೊಸದಾಗಿ ಮಸೆದಿತ್ತು.

"ಅಡಿಕಿ ಕತ್ತರಸಾಕ ಇಟಗೊಂಡೀನಿ," ಅಂದಳು.

"ಇಲ್ಲೇ ಇರ್ಲಿ. ಹೊಳ್ಳಿ ಹೋಗೂವಾಗ ಒಯ್ರಿ."

"ನಮ್ಮವ್ವ ಕೊಟ್ಟದ್ದು. ಅದನ್ನ ಬಿಟ್ಟ ನಾ ಒಳಗ ಹೋಗಂಗಿಲ್ಲ."

"ಹಂಗಾರ ಹೊರಗ ಕೂಡ್ರಿ."

ಸಾಲಿನಲ್ಲಿ ಯಾರೋ, "ಅತ್ತೀನೂ ಬಿಡಲಿಲ್ಲಲ್ಲ ಪುಣ್ಯಾತಗಿತ್ತಿ," ಅಂದಳು. ಅಲ್ಲಿಂದ ಆಚೆಗೆ ಕರಡಿಗೆ ಹಿಡಿಯಿರಿ ಅಂತ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಇಮಾಂಬಿಯೂ ಯಾರನ್ನೂ ಹಾಗೇ ಬಿಡಲಿಲ್ಲ.

ಅತ್ತೆ ಕನಾತಿನ ಗಳಕ್ಕೆ ಒರಗಿ ನೆಲದ ಮೇಲೆ ಕೂತಳು. ಹೆಲಿಕಾಪ್ಟರ್ ಬಂತು. ಬಯಲಿನ ಕೆಂಪು ಧೂಳೆಲ್ಲ ಎದ್ದಿತು, ಜನ ಹೋ ಅಂತ ಓಡಿದರು, ಕನಾತಿನ ಬಟ್ಟೆ ಹಾರಿ ಹೋಗುವಂತಾಯಿತು. ಅತ್ತೆ ಸೆರಗು ಮುಖಕ್ಕೆ ಹಿಡಿದು ನನ್ನ ಕಡೆಗೇ ನೋಡುತ್ತಾ ಕೂತಿದ್ದಳು. ಇಮಾನ ನೋಡಲು ಬಂದವಳು ಇಮಾನದ ಕಡೆ ಕತ್ತು ತಿರುಗಿಸಲಿಲ್ಲ. ಸಿಟ್ಟು ಅಂದುಕೊಂಡೆ. ಆಯಿತು, ನನ್ನ ಖಾಕಿ ಇವತ್ತಿಗೆ ಮುಗಿಯಿತು ಅಂದುಕೊಂಡೆ.

ಸಭೆ ಮುಗಿದು ಇಬ್ಬರೂ ಮನೆಯ ದಾರಿ ಹಿಡಿದೆವು. ಅಡಕತ್ತರಿ ಕೊಟ್ಟೆ. ಬಟ್ಟೆಯಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು. ಆಗ ನನಗೆ ಹೊಳೆಯಿತು. ಅತ್ತೆಯ ಬಾಯಲ್ಲಿ ಉಳಿದದ್ದು ಮೂರೋ ನಾಲ್ಕೋ ಹಲ್ಲು. ಅಡಿಕೆ ಬಿಟ್ಟು ವರ್ಷಗಳಾಗಿದ್ದವು.

"ಅತ್ತಿ, ಅಡಿಕಿ ತಿನ್ನೂದನ್ನ ಬಿಟ್ಟೀರಿ. ಅಡಕತ್ತರಿ ಯಾಕ ತಂದ್ರಿ?"

ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

"ಬಾಂಬ್ ಹಾಕಾವ್ರು ಬರ್ತಾರ ಅಂತ ರೇಡಿಯೋದಾಗ ದಿನಾ ಬಡಕೋತಾರ. ಬಂದ್ರ ಮೊದಲ ನಿನ್ನ ದಾಟಿ ಹೋಗಬೇಕಲ್ಲ. ನಿನ್ನ ಕೈಯಾಗ ಆ ಕೂಗೂ ಬಡಿಗಿ ಬಿಟ್ರ ಏನೈತಿ?"

ಬಾಂಬು ಹಾಕುವವರನ್ನು ತಡೆಯಲು ಮುದುಕಿ ಅಡಕತ್ತರಿ ಮಸೆದುಕೊಂಡು ಬಂದಿದ್ದಳು. "ಇನ್ನೊಮ್ಮೆ ತರಬ್ಯಾಡ್ರಿ, ನಿಮ್ಮನ್ನ ಠಾಣೇಕ ಒಯ್ತಾರ," ಅಂದೆ.

"ನೀನ ಒಯ್ತಿ," ಅಂದಳು. "ಮತ್ತ ಎಂದೈತಿ ಡ್ಯೂಟಿ?"

ಖಾಕಿಯೋ ಮನೆಯೋ ಅಂತ ಆಮೇಲೆ ಕೇಳಲಿಲ್ಲ. ಡ್ಯೂಟಿಯ ದಿನ ನನ್ನ ಕೈಯ ರೊಟ್ಟಿಯನ್ನೂ ತಿನ್ನಲಿಲ್ಲ, ಸಾಯುವವರೆಗೂ. ಆದರೆ ಪ್ರತಿ ಬಂದೋಬಸ್ತಿಗೂ ಬಂದು ಕನಾತಿನ ಹೊರಗೆ ಕೂಡುತ್ತಿದ್ದಳು. ಕೂಡುವ ಮುನ್ನ ತಾನೇ ಒಳಗೆ ಬಂದು, ನಾನು ಕೇಳುವ ಮೊದಲೇ ಕರಡಿಗೆ ಎಡಗೈಯಲ್ಲಿ ಹಿಡಿದು, "ನೋಡ್ಕೋ," ಅನ್ನುತ್ತಿದ್ದಳು.

ಈಗ ದೊಡ್ಡ ದೊಡ್ಡ ಮಷೀನು ಬಂದಿವೆ. ಬಾಗಿಲೇ ಕೂಗುತ್ತದೆ, ಗೋಡೆಯೇ ನೋಡುತ್ತದೆ. ಒಳ್ಳೆಯದೇ. ಆದರೆ ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಕೂಗಿಗೆ ಒಂದು ಕಾರಣ ಸಿಕ್ಕಿತು ಅಂತ ಮಷೀನು ಕೆಳಗಿಡಬೇಡಿ. ಸಿಕ್ಕ ಕಾರಣವನ್ನು ಬದಿಗೆ ಸರಿಸಿ ಇನ್ನೊಮ್ಮೆ ಆಡಿಸಿ ನೋಡಿ. ಮನೆಯಲ್ಲಿ ಅತ್ತೆಯ ಕೂಗಿಗೆ ಖಾಕಿಯ ಮೇಲಿನ ಸಿಟ್ಟೊಂದೇ ಕಾರಣ ಅಂತ ನಾನು ಅಷ್ಟು ವರ್ಷ ತಿಳಿದಿದ್ದೆ. ಅದರ ಹಿಂದೆ ನನ್ನ ಜೀವದ ಚಿಂತೆಯೂ ಇತ್ತು. ಎರಡನೇ ಸಲ ಆಡಿಸಿರಲಿಲ್ಲ.