ಎಣ್ಣೆ ಕಂಡ ಕಲ್ಲು

ಮದುವೆ ಮನೆಯ ಮೆಟ್ಟಿಲೇರುವಾಗ ಲೋಕದ ಜನರೆಲ್ಲ ಒಳಗಿನ ವಾಲಗವನ್ನೋ ಪಾಯಸದ ಪರಿಮಳವನ್ನೋ ಧ್ಯಾನಿಸಿದರೆ ನಾನು ಆ ಮೆಟ್ಟಿಲನ್ನೇ ಧ್ಯಾನಿಸುತ್ತೇನೆ. ಸುತ್ತ ಯಾರೂ ಗಮನಿಸುತ್ತಿಲ್ಲವೆಂದು ಖಾತ್ರಿಯಾದರೆ ಹೆಬ್ಬೆರಳಿಗೆ ತುಸು ಎಂಜಲು ಸೋಕಿಸಿ ಕಲ್ಲಿನ ಮೇಲೆ ಉಜ್ಜಿಯೂ ಬಿಡುತ್ತೇನೆ. ಅಶೌಚವೆಂದು ಮೂಗು ಮುರಿಯುವ ಮುನ್ನ ನೀವೂ ಒಮ್ಮೆ ಪರೀಕ್ಷಿಸಿ ನೋಡಬೇಕು. ಒಣಗಿದ ಕಲ್ಲು ಧೂಳು ಬಳಿದುಕೊಂಡು ಸುಮ್ಮನಿರುತ್ತದೆ. ತೇವ ಸೋಕಿತೋ, ಅದರ ಕಪ್ಪು ಬಿಳುಪು ಪಟ್ಟೆಗಳೂ ಮಿನುಗುವ ಕಣಗಳೂ ಒಂದೊಂದಾಗಿ ಮೇಲೆದ್ದು ಬರುತ್ತವೆ. ಹಿಂದೆ ಬರುವ ನೆಂಟರು ನನ್ನ ಉಂಗುರ ಬಿದ್ದಿರಬೇಕೆಂದು ತಾವೂ ಬಗ್ಗಿ ಹುಡುಕತೊಡಗುತ್ತಾರೆ. ಆಗೆಲ್ಲ ನನ್ನ ಹೆಂಡತಿ, "ಏನೂ ಬಿದ್ದಿಲ್ಲ ಬನ್ನಿ, ಅವ್ರು ಇರೋದೇ ಹಂಗೆ" ಎಂದು ಅವರನ್ನು ಒಳಗೆ ಸಾಗಿಸುತ್ತಾಳೆ.

ತೊಂಬತ್ತರ ದಶಕದಲ್ಲಿ ನಾನು ತುಮಕೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನದ ಉಪನ್ಯಾಸಕನಾಗಿದ್ದೆ. ವಿದ್ಯಾರ್ಥಿಗಳ ಬಾಯಲ್ಲಿ ಕಲ್ಲು ಮೇಷ್ಟ್ರು. ವೈದ್ಯಕೀಯಕ್ಕೂ ಇಂಜಿನಿಯರಿಂಗಿಗೂ ಸೀಟು ಸಿಗದೆ, ಬಿ.ಎಸ್ಸಿ.ಯಲ್ಲೂ ಬಯಸಿದ ವಿಷಯ ದಕ್ಕದೆ, ಕೊನೆಗೆ ಆಫೀಸಿನ ಗುಮಾಸ್ತರು ಬೆರಳು ತೋರಿಸಿದ ಬಾಗಿಲಿಗೆ ಬಂದು ನಿಂತವರೇ ನನ್ನ ಶಿಷ್ಯವೃಂದ. ಮೊದಲ ದಿನ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸಾರ್, ಇದ್ರಲ್ಲಿ ಲೆಕ್ಕ ಬರುತ್ತಾ?" ಇಂಥ ನಿರಾಸಕ್ತರ ಸಭೆಯನ್ನು ಗೆಲ್ಲಲು ನನ್ನ ಬತ್ತಳಿಕೆಯಲ್ಲಿ ಒಂದೇ ಬಾಣವಿತ್ತು. ನಿಮ್ಮೂರ ಹೊಲದ ಬದುವಿನಲ್ಲಿ ಎಮ್ಮೆ ಮೈ ಉಜ್ಜಿಕೊಳ್ಳುವ ಬಂಡೆಗೆ ಮುನ್ನೂರು ಕೋಟಿ ವರ್ಷ ದಾಟಿರಬಹುದು, ಅದರ ಮುಂದೆ ಹಿಮಾಲಯ ಇನ್ನೂ ತೊಟ್ಟಿಲ ಕೂಸು ಎನ್ನುತ್ತಿದ್ದೆ. ಕೊನೆಯ ಬೆಂಚಿನ ಪಿಸುಮಾತು ಆ ಕ್ಷಣಕ್ಕೆ ನಿಲ್ಲುತ್ತಿತ್ತು. ಊರಿನ ಹೆಸರು ಕೇಳಿದರೆ ಅದುವರೆಗೆ ಸಂಕೋಚದಿಂದ ಹೇಳುತ್ತಿದ್ದವರು ಅಂದು ಸಂಜೆ ಬಸ್ಸಿನಲ್ಲಿ ಸ್ವಲ್ಪ ಎದೆಯುಬ್ಬಿಸಿ ಕೂರುತ್ತಿದ್ದರೆಂಬುದು ನನ್ನ ನಂಬಿಕೆ. ಹೆಮ್ಮೆಯ ಮಾತು ಬಂದಾಗ ಮೇಷ್ಟ್ರುಗಳ ಸಾಕ್ಷ್ಯವನ್ನು ಪೂರ್ತಿ ನಂಬಬಾರದು, ಆದರೂ ಇದನ್ನು ನಂಬಿ.

ದಶಕ ಮುಗಿಯುತ್ತ ಬಂದಂತೆ ಊರಿಗೆಲ್ಲ ಕಂಪ್ಯೂಟರಿನ ಹಂಬಲ ಹತ್ತಿತು. ನಮ್ಮ ಪ್ರಿನ್ಸಿಪಾಲರು ಸಜ್ಜನರು. ನನ್ನನ್ನು ಕರೆಸಿ, ಕುರ್ಚಿ ತೋರಿಸಿ, ಕಾಫಿ ತರಿಸಿ, ಆಮೇಲೆ ವಿಷಯಕ್ಕೆ ಬಂದರು. "ನಿಮ್ಮ ಕಲ್ಲುಗಳನ್ನ ಹಿಂದಿನ ಷೆಡ್ಡಿಗೆ ಹಾಕ್ಸೋಣ ಮೇಷ್ಟ್ರೇ. ಆ ರೂಮು ಕಂಪ್ಯೂಟರ್‌ಗೆ ಬೇಕು. ಮುಂದಿನ ವರ್ಷದಿಂದ ನಿಮ್ಮ ವಿಷಯಕ್ಕೆ ಹೊಸ ಹುಡುಗ್ರನ್ನ ತಗೊಳ್ಳೋದು ಬೇಡ ಅಂತ ಕಮಿಟೀಲಿ ಮಾತಾಗಿದೆ." ಕೊನೆಯ ತೀರ್ಮಾನ ಕಮಿಟಿಯ ಅಧ್ಯಕ್ಷರದಂತೆ, ಕಾಲೇಜಿನ ವಸ್ತುಪ್ರದರ್ಶನಕ್ಕೆ ಬಂದಾಗ ಕೊಠಡಿಯನ್ನು ಅವರೇ ಕಣ್ಣಾರೆ ನೋಡುವರಂತೆ. ಅಂದಿನ ಕಾಫಿಯಷ್ಟು ಕಹಿಯಾದ ಕಾಫಿಯನ್ನು ನಾನು ಕುಡಿದಿಲ್ಲ. ನನ್ನ ಕೆಲಸ ಹೋಗುತ್ತಿರಲಿಲ್ಲ, ಬೇರೆ ಕಾಲೇಜಿಗೆ ಕಳಿಸುತ್ತಿದ್ದರು. ಆದರೆ ನಮ್ಮ ನೆಲದ ಮಕ್ಕಳಿಗೆ ನೆಲದ ವಿಷಯ ಹೇಳುವವರೇ ಇಲ್ಲದಂತಾಗುವುದನ್ನು ನೆನೆದು ನನಗೆ ನಿಜಕ್ಕೂ ಸಂಕಟವಾಯಿತು.

ಪ್ರದರ್ಶನಕ್ಕೆ ಇಡಲು ಏನಿದೆಯೆಂದು ಕಪಾಟು ತೆರೆದು ನೋಡಿದೆ. ಅದರಲ್ಲಿದ್ದದ್ದು ಯಾವ ಕಾಲದಲ್ಲೋ ಹೊರಗಿನಿಂದ ಕೊಂಡು ತಂದ ಶಿಲೆಗಳು. ಇಟಲಿಯ ಅಮೃತಶಿಲೆ ಇತ್ತು, ಅಮೃತೂರಿನ ಕಲ್ಲಿರಲಿಲ್ಲ. ಕೂಡಲೇ ಮೊದಲ ವರ್ಷದವರಿಗೆ ಅಪ್ಪಣೆ ಮಾಡಿದೆ: ಪ್ರತಿಯೊಬ್ಬರೂ ಅವರವರ ಊರಿನಿಂದ ಅಂಗೈಯಗಲದ ಒಂದು ಕಲ್ಲು ತರತಕ್ಕದ್ದು, ಅದರ ವೃತ್ತಾಂತವನ್ನು ತಾವೇ ನಿಂತು ಹೇಳತಕ್ಕದ್ದು.

ಸೋಮವಾರ ಬೆಳಿಗ್ಗೆ ಗುಬ್ಬಿ, ಕುಣಿಗಲ್ ಕಡೆಯ ಬಸ್ಸುಗಳಿಂದ ಇಳಿದ ಊಟದ ಡಬ್ಬಿಯ ಚೀಲಗಳೆಲ್ಲ ಎಂದಿಗಿಂತ ಭಾರವಾಗಿದ್ದವು. ಗುಬ್ಬಿ ಕಡೆಯ ಹುಡುಗ ಕಬ್ಬಿಣದ ಕೆಂಪು ಪಟ್ಟೆ ಹೊತ್ತ ಕಲ್ಲು ತಂದಿದ್ದ. ತುಮಕೂರಿನ ಅಂಚಿನ ಸತ್ಯಮಂಗಲದವನು ಬಹಳ ಹುಡುಕಿ ಯಾವುದೋ ಕಾರ್ಖಾನೆಯ ಪಾಯದ ಕಾಂಕ್ರೀಟು ಚೂರು ತಂದು, ಇದರ ವಯಸ್ಸೆಷ್ಟು ಎಂದು ಕೇಳಿದ. ನಿನ್ನ ತಮ್ಮನಾಗಬೇಕು ಕಣಪ್ಪ ಎಂದೆ. ಕೊನೆಗೆ ಅಮೃತೂರಿನ ಮಂಗಳಾ ಬಾಳೆ ಎಲೆಯಲ್ಲಿ ಸುತ್ತಿದ ಗಂಟನ್ನು ಮೇಜಿನ ಮೇಲೆ ಬಿಚ್ಚಿದಳು. ಮಾತು ಕಡಿಮೆಯ ಹುಡುಗಿ, ಹಾಜರಿ ಕೂಗಿದರೂ ತಲೆಯಷ್ಟೇ ಆಡಿಸುವವಳು. ಎಲೆಯೊಳಗಿದ್ದ ಕಲ್ಲು ಅಭ್ಯಂಜನ ಮುಗಿಸಿದ ಕೂಸಿನ ಹಾಗೆ ಫಳಫಳ ಹೊಳೆಯುತ್ತಿತ್ತು. ಮುಟ್ಟಿದರೆ ಕೈಯೆಲ್ಲ ಜಿಡ್ಡು!

ಹೊಳಪು ನೋಡಿ ಶಿಲೆಯ ಗುಣ ಹೇಳಬೇಕೆಂದು ಹಿಂದಿನ ವಾರವಷ್ಟೇ ಪಾಠ ಮಾಡಿದ್ದ ನಾನು ಹಣೆ ಹಣೆ ಚಚ್ಚಿಕೊಂಡೆ. ಮಂಗಳಾ ನೆಲ ನೋಡುತ್ತ ಹೇಳಿದಳು: "ನಾನು ಬ್ಯಾಡ ಅಂದೆ ಸಾರ್. ಅಜ್ಜಿ ಕೇಳ್ಲಿಲ್ಲ. ಕಾಲೇಜ್ಗೋಗೋ ಕಲ್ಲು, ಎಣ್ಣೆ ನೀರು ಕಾಣಿಸ್ದೆ ಕಳಿಸ್ತಾರೇನಮ್ಮಣ್ಣಿ, ನಮ್ಮೂರ್ ಮರ್ವಾದೆ ಏನಾಗ್ಬೇಕು ಅಂದ್ಬುಟ್ಟು ಹಚ್ಚೇಬುಟ್ರು." ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ತೊಳೆದರೆ ಹೋಗುವ ಎಣ್ಣೆಯಲ್ಲ ಅದು. ತೆಂಗಿನ ಸೀಮೆಯವರು ಕೈ ಬಿಗಿ ಹಿಡಿದು ಎಣ್ಣೆ ಹಚ್ಚುವವರಲ್ಲ. ಸೋಪು ಹಾಕಿ ತಿಕ್ಕಿಯೂ ಸೋತ ಮೇಲೆ, ಇರಲಿ ಎಂದು ಅದನ್ನು ಮೇಜಿನ ತುದಿಗೆ, ಕಣ್ಣಿಗೆ ಅಷ್ಟಾಗಿ ಬೀಳದ ಕಡೆ ಇಡಿಸಿದೆ.

ಪ್ರದರ್ಶನದ ದಿನ ಅಧ್ಯಕ್ಷ ರುದ್ರಪ್ಪನವರು ಬಂದರು. ಬೆಳ್ಳಾವಿ ಕಡೆಯವರು, ಕೊಬ್ಬರಿ ವ್ಯಾಪಾರದಲ್ಲಿ ತಲೆ ನರೆತವರು, ನೊಸಲಲ್ಲಿ ವಿಭೂತಿ. ಕಬ್ಬಿಣದ ಕಲ್ಲನ್ನೂ ಇಟಲಿಯನ್ನೂ ಒಂದೇ ಔದಾಸೀನ್ಯದಿಂದ ದಾಟಿದ ಅವರ ದೃಷ್ಟಿ, ಸಾಲಿನಲ್ಲಿ ತಾನೊಂದೇ ಹೊಳೆಯುತ್ತಿದ್ದ ಕಲ್ಲಿನ ಮೇಲೆ ನಿಂತಿತು. ಕೈಗೆತ್ತಿಕೊಂಡರು. ಬೆರಳು ನೋಡಿಕೊಂಡರು, ಮೂಸಿದರು. "ಕೊಬ್ಬರಿ ಎಣ್ಣೆ. ಮನೇಲಿ ತೆಗ್ದಿದ್ದು. ಯಾರವ್ವ ಇದ್ನ ತಂದೋರು?"

ಮಂಗಳಾ ಮುಂದೆ ಬಂದಳು. ಅಜ್ಜಿಯ ವಿಷಯವನ್ನು ಮುಚ್ಚಿಡದೆ ಹೇಳಿ, ಆಮೇಲೆ ಎಣ್ಣೆಯಲ್ಲಿ ನಿಚ್ಚಳವಾಗಿ ಕಾಣುತ್ತಿದ್ದ ಪಟ್ಟೆಗಳ ಮೇಲೆ ಬೆರಳಾಡಿಸುತ್ತ, ಕಪ್ಪು ಪಟ್ಟೆ ಯಾವುದರದು, ಬಿಳಿ ಪಟ್ಟೆ ಯಾವುದರದು, ನೆಲದಾಳದ ಬೇಗೆಗೂ ಒತ್ತಡಕ್ಕೂ ಸಿಕ್ಕಿ ಅವು ಹೇಗೆ ಬಾಗಿದವು ಎಂಬುದನ್ನೆಲ್ಲ ಬಿಡಿಸಿಟ್ಟಳು. ಹಾಜರಿಗೂ ಬಾಯಿ ಬಿಡದವಳು! "ಈ ಜಾತಿ ಕಲ್ಲಿಗೆ ನೈಸ್ ಅಂತ ಹೆಸರು ಸಾರ್. ಹಿಮಾಲಯಕ್ಕಿಂತ ನಮ್ಮ ಅಮೃತೂರೇ ಹಳೇದು" ಎಂದು ಮುಗಿಸಿದಾಗ ನನ್ನ ಕಣ್ಣು ತೇವವಾಯಿತು. ಅದೇ ಕಲ್ಲನ್ನು ಒಣಗಿದ ಮುಖದಲ್ಲಿ ಇಟ್ಟಿದ್ದರೆ ಯಾರ ಕಣ್ಣಿಗೂ ಒಂದು ಪಟ್ಟೆಯೂ ಬೀಳುತ್ತಿರಲಿಲ್ಲ.

ರುದ್ರಪ್ಪನವರು ಸಾಲನ್ನು ಇನ್ನೊಮ್ಮೆ ನೋಡಿದರು. ಈ ಸಲ ಏನನ್ನೋ ಹುಡುಕುವವರಂತೆ ಸಾವಕಾಶವಾಗಿ ನೋಡಿದರು. ಆಮೇಲೆ ನನ್ನತ್ತ ತಿರುಗಿ, ಪಂಕ್ತಿಯಲ್ಲಿ ತಮಗೊಬ್ಬರಿಗೇ ಬಡಿಸಲು ಮರೆತಂತೆ ನೊಂದ ದನಿಯಲ್ಲಿ ಕೇಳಿದರು: "ನಮ್ಮೂರ್ದು ಎಲ್ಲಿ ಮೇಷ್ಟ್ರೇ?" ಆ ವರ್ಷ ಬೆಳ್ಳಾವಿಯಿಂದ ಯಾರೂ ಸೇರಿರಲಿಲ್ಲ. ಹಾಗೆಂದೆ. ಮುಂದಿನ ವರ್ಷ ಸೇರಿದರೆ ತರಿಸಬಹುದು ಎಂದೂ, ಎಲ್ಲಿಂದಲೋ ಧೈರ್ಯ ಬಂದು, ಸೇರಿಸಿದೆ.

ಅವರು ಮುಂದಿನ ವರ್ಷದವರೆಗೆ ಕಾಯಲಿಲ್ಲ. ಕೆಲವೇ ದಿನಗಳಲ್ಲಿ ಕಾಲೇಜಿನ ಮುಂದೆ ಟೆಂಪೊ ನಿಂತಿತು. ಅಂಗೈಯಗಲ ಎಂಬ ನನ್ನ ನಿಯಮ ಅವರಿಗೆ ಗೊತ್ತಿರಲಿಲ್ಲವೋ, ಅಧ್ಯಕ್ಷರ ಅಂಗೈಯೇ ಅಷ್ಟು ದೊಡ್ಡದೋ, ಇಳಿಸಲು ಆಳುಗಳು ಹೆಗಲು ಕೊಡಬೇಕಾಯಿತು. ಹತ್ತಿರ ಹೋಗಿ ನೋಡಿದರೆ ಕಾಲೇಜಿಗೆ ಬರುವ ಕಲ್ಲುಗಳಿಗೆ ಇದೇ ಶಾಸ್ತ್ರವೆಂದು ತಿಳಿದು ಅದಕ್ಕೂ ಧಾರಾಳವಾಗಿ ಎಣ್ಣೆ ಬಳಿದಿದ್ದರು. ಕೊಠಡಿಯ ನಡುವೆ ಬೆಳ್ಳಾವಿ ವಿರಾಜಮಾನವಾಯಿತು. ಷೆಡ್ಡಿನ ಮಾತು ಮತ್ತೆ ಕೇಳಿಬರಲಿಲ್ಲ. ಅಧ್ಯಕ್ಷರ ಊರನ್ನು ಷೆಡ್ಡಿಗೆ ಸಾಗಿಸೋಣವೆಂದು ಯಾವ ಕಮಿಟಿ ಬಾಯಿ ಬಿಟ್ಟೀತು? ಕಂಪ್ಯೂಟರುಗಳು ಮಹಡಿಯ ಮೇಲೆ ಸುಖವಾಗಿ ನೆಲೆಸಿದವು. ಅಂದಿನಿಂದ ಹೊಸಬರು ಊರಿನ ಕಲ್ಲು ತರುವುದೂ, ಮೊದಲ ತರಗತಿಯಲ್ಲಿ ನಾವೆಲ್ಲ ಸೇರಿ ಅದಕ್ಕೆ ಎಣ್ಣೆ ಹಚ್ಚುವುದೂ ನಮ್ಮ ವಿಭಾಗದ ಪದ್ಧತಿಯಾಯಿತು. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಈ ವಿಧಿಯನ್ನು ನಾನು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ.

ವರ್ಷಗಳು ಕಳೆದು, ಈಚೆಗೆ ಕುಣಿಗಲ್ಲಿನ ಒಂದು ಮದುವೆಗೆ ಹೋಗಿದ್ದೆ. ಛತ್ರದ ಮೆಟ್ಟಿಲ ಬಳಿ ಎಂದಿನಂತೆ ಬಗ್ಗಿ ಹೆಬ್ಬೆರಳನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಪಕ್ಕದಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬರು ಬಗ್ಗಿದರು. ಉಂಗುರ ಹುಡುಕುವವರು ಬಂದರೆಂದು ಮುಜುಗರಪಟ್ಟೆ. ಆಕೆ ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ತಮ್ಮ ಜಡೆಯ ಮೇಲೆ ಅಂಗೈಯನ್ನು ಒಮ್ಮೆ ಸವರಿ, ಅದೇ ಅಂಗೈಯಿಂದ ಕಲ್ಲನ್ನು ಉಜ್ಜಿದರು. ಪಟ್ಟೆಗಳು ಎದ್ದು ಬಂದವು.

"ನಮ್ಮೂರ್ದೇ ಸಾರ್ ಇದು" ಎಂದಳು ಮಂಗಳಾ. ಅವಳೀಗ ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹಿಂದೆ ನಿಂತಿದ್ದ ಅವಳ ಪುಟ್ಟ ಮಗಳು, ಊಟದ ಮನೆಯತ್ತ ಹೊರಟಿದ್ದ ನನ್ನ ಹೆಂಡತಿಗೆ ಬೇಸರದಿಂದ ವರದಿ ಒಪ್ಪಿಸುತ್ತಿದ್ದಳು: "ಏನೂ ಬಿದ್ದಿಲ್ಲ ಆಂಟಿ. ನಮ್ಮಮ್ಮ ಇರೋದೇ ಹಂಗೆ."