ಗೂಡುಸಾಬರ ಗಟ್ಟಿ ಕುಲಾವಿ

ರಾಣೆಬೆನ್ನೂರಿನ ಆ ಓಣಿಗೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ತಗಡಿನ ಚಪ್ಪರದ ಕೆಳಗೆ ಗೂಡುಸಾಬ ನದಾಫರು ಹತ್ತಿ ಹಿಂಜುವ ಬಿಲ್ಲಿನ ನರಕ್ಕೆ ಬಡಿಗೆ ತಾಗಿಸುತ್ತಾರೆ. ಝುಂಯ್ ಎಂಬ ನಾದಕ್ಕೆ ಅರಳೆ ಮೇಲೇಳುತ್ತದೆ, ಎಲ್ಲಿಗೆ ಹೋಗಬೇಕೆಂದು ತಿಳಿಯದಂತೆ ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಸಾವಕಾಶವಾಗಿ ಇಳಿಯುತ್ತದೆ. ಪಕ್ಕದ ಹಲಗೆಯ ಮೇಲೆ ಪ್ಲಾಸ್ಟರಿನ ಪುಟ್ಟ ತಲೆಯೊಂದಿದೆ. ಕಣ್ಣಿಲ್ಲ, ಮೂಗಿಲ್ಲ. ಹಾರಿದ ಎಳೆಗಳು ಅದರ ನೆತ್ತಿಯ ಮೇಲೆ ಕೂತು, ಈಗಷ್ಟೇ ಹುಟ್ಟಿದ ಕೂಸಿನ ಕೂದಲಂತೆ ಕಾಣುತ್ತವೆ. ಗಾದಿ ಹಾಕಿಸಲು ಬಂದವರು ಆ ತಲೆಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿಯುವುದುಂಟು. ಗೂಡುಸಾಬರು ನಗುತ್ತಾರೆ. ಅದು ಹಲಗೇರಿಯ ಆರು ತಿಂಗಳ ಹೆಣ್ಣುಮಗುವಿನ ತಲೆಯ ಅಚ್ಚು.

ಅವರಿಗೀಗ ಅರವತ್ತೊಂದು. ಹನ್ನೆರಡನೆಯ ವಯಸ್ಸಿಗೆ ಅಪ್ಪನ ಹಿಂದೆ ಬಿಲ್ಲು ಹೊತ್ತು ಅಗಡಿ, ಹಲಗೇರಿ ಎಂದು ತಿರುಗಿದವರು. ಒಂದು ಕಾಲಕ್ಕೆ ದಿನಕ್ಕೆ ಎರಡು ಗಾದಿ ಹಾಕುತ್ತಿದ್ದವರಿಗೆ ಈಗ ವಾರಕ್ಕೆರಡು ಸಿಕ್ಕರೆ ಹೆಚ್ಚು. ಊರಿಗೆ ಹಿಂಜುವ ಮಷಿನ್ ಬಂತು, ಅದರ ಹಿಂದೆ ಫೋಮಿನ ಗಾದಿ ಬಂತು. ಆದರೂ ಅವರ ಕೈಯನ್ನು ಹುಡುಕಿಕೊಂಡು ಬರುವ ಇನ್ನೊಂದು ಕೆಲಸವಿದೆ. ಆ ಕೆಲಸಕ್ಕೆ ಈ ಭಾಗದಲ್ಲಿ ಹೆಸರೇ ಇರಲಿಲ್ಲ. ಹೆಂಡತಿ ರಮಜಾನಬಿ ಕೂಸುಗಳ ಟೊಪ್ಪಿಗೆಯ ಹೆಸರು ಹಿಡಿದು ಅದನ್ನು ಗಟ್ಟಿ ಕುಲಾವಿ ಎಂದು ಕರೆದರು, ಅದೇ ಉಳಿಯಿತು.

ಅದು ಶುರುವಾದದ್ದು ಏಳು ವರ್ಷದ ಹಿಂದೆ, ೧೯೮೯ರಲ್ಲಿ. ಮಕ್ಕಳ ಡಾಕ್ಟರ್ ಮಹಮೂದಾಬೇಗಂ ತಮ್ಮ ದವಾಖಾನೆಯ ಗಾದಿಗಳನ್ನು ಹಿಂಜಿಸಲು ಬಂದಿದ್ದರು. ಅಳತೆಪಟ್ಟಿ ಮುಟ್ಟದೆ, ಬರೀ ಅಂಗೈಯಿಂದ ತಡವಿ ತಗ್ಗು ಉಬ್ಬು ಸರಿಮಾಡುವ ಈ ಮನುಷ್ಯನನ್ನು ಅವರು ಬಹಳ ಹೊತ್ತು ನೋಡುತ್ತ ನಿಂತರಂತೆ. ಮರುದಿನ ಹೇಳಿಕಳಿಸಿ, ಪರದೇಶದ ವೈದ್ಯಪತ್ರಿಕೆಯೊಂದರ ಚಿತ್ರ ತೋರಿಸಿದರು. ಒಂದು ಕೂಸು, ತಲೆಗೊಂದು ಶಿರಸ್ತ್ರಾಣ. ಇಂಥದ್ದನ್ನು ಮಾಡಲಾದೀತೇ ಎಂದು ಕೇಳಿದರು.

ಆ ಹೊತ್ತಿಗೆ ದವಾಖಾನೆಯ ಬೆಂಚಿನ ಮೇಲೆ ಬ್ಯಾಡಗಿಯ ಉಚ್ಚಂಗೆವ್ವ ಕೂತಿದ್ದಳು. ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಗಳು. ಮಡಿಲಲ್ಲಿ ಐದು ತಿಂಗಳ ಮೈಲಾರಪ್ಪ. ಖಾರದ ಘಾಟು ತಾಗದಿರಲೆಂದು ಅವಳು ಕೂಸನ್ನು ಗೋದಾಮಿನ ಮೂಲೆಯಲ್ಲಿ, ಮಡಿಸಿದ ಚೀಲದ ಮೇಲೆ ದಿನವಿಡೀ ಅಂಗಾತ ಮಲಗಿಸುತ್ತಿದ್ದಳು. ಅದರ ಕುತ್ತಿಗೆಯ ಒಂದು ನರ ಬಿಗಿದಿತ್ತು, ಮುಖ ಯಾವಾಗಲೂ ಬಲಕ್ಕೇ ವಾಲುತ್ತಿತ್ತು. ಹಿಂದಲೆ ಬಲಗಡೆ ರೊಟ್ಟಿ ತಟ್ಟಿದಂತೆ ಚಪ್ಪಟೆಯಾಗಿತ್ತು. ಡಾಕ್ಟರು ಹುಬ್ಬಳ್ಳಿಗೆ ಕಳಿಸಿ ಎಕ್ಸ್-ರೇ ಫೋಟೋ ತೆಗೆಸಿ, ಬುರುಡೆಯ ಎಲುಬು ಹೊತ್ತಿಗೆ ಮೊದಲೇ ಕೂಡಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಕುತ್ತಿಗೆಗೆ ವ್ಯಾಯಾಮವನ್ನೂ ಕಲಿಸಿದ್ದರು. ಇನ್ನುಳಿದದ್ದು ತಲೆ.

ಗೂಡುಸಾಬರು ಆ ತಲೆಯನ್ನು ಅಂಗೈಯಲ್ಲಿ ಹಿಡಿದರು. ನೆತ್ತಿ ಮೆತ್ತಗೆ ಬಡಿದುಕೊಳ್ಳುತ್ತಿತ್ತು. ಅವತ್ತು ಮನೆಗೆ ಬಂದ ಮೇಲೂ, ಬಿಲ್ಲು ಮೀಟುವಾಗಲೂ, ಆ ಬಡಿತ ಕೈಯಲ್ಲೇ ಉಳಿದಿತ್ತೆನ್ನುತ್ತಾರೆ.

ದವಾಖಾನೆಯಲ್ಲಿ ಪ್ಲಾಸ್ಟರಿನ ಅಚ್ಚು ತೆಗೆದರು. ಚಪ್ಪಟೆ ಜಾಗಕ್ಕೆ ಇನ್ನಷ್ಟು ಪ್ಲಾಸ್ಟರ್ ಮೆತ್ತಿ, ಆ ತಲೆ ಹೇಗಿರಬೇಕೋ ಹಾಗೆ ದುಂಡಗೆ ತಿದ್ದಿದರು. ಅದರ ಮೇಲೆ ಹಳೆಯ ಸೀರೆಯ ಪಟ್ಟಿಗಳನ್ನು ಹುಣಸೆಬೀಜದ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಸುತ್ತಿ, ಮೂರು ದಿನ ನೆರಳಲ್ಲಿ ಒಣಗಿಸಿದರು. ಒಳಗೆ ಮೆತ್ತನೆಯ ಅರಳೆ, ಅದರ ಮೇಲೆ ಮಲಮಲ್ ಬಟ್ಟೆ. ರಮಜಾನಬಿ ಗದ್ದದ ಕೆಳಗೆ ಕಟ್ಟಲು ಲಾಡಿ ಹೊಲಿದರು.

“ಉಬ್ಬಿದ ಕಡೆ ಇನ್ನ ಸಾಕು ಅಂತೈತಿ, ತಗ್ಗಿದ ಕಡೆ ಬಾ ಅಂತೈತಿ,” ಎನ್ನುತ್ತಾರೆ ಗೂಡುಸಾಬರು. “ಒತ್ತಂಗಿಲ್ರಿ. ಜಾಗಾ ಬಿಟ್ಟು ಕಾಯಬೇಕು. ಕೂಸು ಮಲಗಿರತೈತಿ, ತಲಿ ತನ್ನ ಪಾಡಿಗೆ ತಾ ಬೆಳೀತಿರತೈತಿ.”

ಜಳಕದ ಹೊತ್ತೊಂದನ್ನು ಬಿಟ್ಟು ಹಗಲಿರುಳೂ ಅದು ತಲೆಯ ಮೇಲಿರಬೇಕಿತ್ತು. ಮಾರುಕಟ್ಟೆಯ ಹೆಂಗಸರು, ಸಾಬರು ಉಚ್ಚಂಗೆವ್ವಳಿಗೆ ಚಂದ ಟೊಪ್ಪಿಗೆ ಹಾಕಿದ್ದಾರೆಂದು ನಕ್ಕರು. ಅವಳು ತಲೆ ಎತ್ತದೆ ತೊಟ್ಟು ಬಿಡಿಸಿದಳು. ಆದರೆ ಹತ್ತನೆಯ ದಿನ ಲಾಡಿ ಬಿಚ್ಚಿದಾಗ ಕೂಸಿನ ಕಿವಿಯ ಹಿಂದೆ ಗಾಯವಾಗಿತ್ತು. ಬೆವರಿಗೆ ಅಂಟು ಮೆತ್ತಗಾಗಿ, ಅಂಚು ಒಳಕ್ಕೆ ಮಡಚಿ, ಎಳೆಯ ಚರ್ಮವನ್ನು ಕೊರೆದಿತ್ತು.

ಸುದ್ದಿ ತಿಳಿದು ಗೂಡುಸಾಬರು ರೈಲು ಹತ್ತಿ ಬ್ಯಾಡಗಿಗೆ ಹೋದರು. ದಾರಿಯುದ್ದಕ್ಕೂ ಕಣಗಳಲ್ಲಿ ಒಣಗಲು ಹರವಿದ ಮೆಣಸಿನಕಾಯಿಯ ಕೆಂಪು, ಕಿಟಕಿಯಾಚೆ ಹರಿಯುತ್ತಿತ್ತು. ತಮ್ಮ ಕೈಯಿಂದ ಒಂದು ಕೂಸಿಗೆ ನೋವಾಯಿತೆಂಬುದನ್ನು ಬಿಟ್ಟರೆ ಅವರಿಗೆ ಬೇರೇನೂ ತೋಚುತ್ತಿರಲಿಲ್ಲ. ಉಚ್ಚಂಗೆವ್ವ ಬಾಗಿಲಲ್ಲೇ ಕೂಸನ್ನು ಅಪ್ಪಿಕೊಂಡು ಕೂತಿದ್ದಳು. ಬೈಯಲಿಲ್ಲ. ಅವರು ಅವಳ ಎದುರು ನೆಲದ ಮೇಲೆ ಕೂತು, ರುಮಾಲು ಬಿಚ್ಚಿದರು. ದೊಡ್ಡವರಾದ ಮೇಲೆ ರಮಜಾನಬಿಯ ಹೊರತು ಯಾರಿಗೂ ತೋರಿಸದ ತಲೆ. ಅವರನ್ನು ಹೆತ್ತ ತಾಯಿ ಜ್ವರಕ್ಕೆ ಬಿದ್ದು, ತಿಂಗಳುಗಟ್ಟಲೆ ಕೂಸು ಒಂದೇ ಮಗ್ಗುಲಲ್ಲಿ ಮಲಗಿದ್ದರ ಚಪ್ಪಟೆ ಗುರುತು ಅಲ್ಲಿತ್ತು.

“ಕೈ ಇಟ್ಟು ನೋಡವ್ವ,” ಎಂದರು. “ಐವತ್ನಾಕು ವರ್ಷ ಈ ತಲಿ ಹೊತ್ತೇನಿ, ಮ್ಯಾಲ ರುಮಾಲು ಸುತ್ತೇನಿ. ಜೀವಕ್ಕೇನೂ ಧಕ್ಕಿ ಇಲ್ಲ. ನೀ ಬ್ಯಾಡ ಅಂದ್ರ ಇವತ್ತ ಬಿಟ್ಟುಬಿಡೂಣು.”

ಅವಳು ಬೆರಳಿಂದ ಸಾವಕಾಶ ಮುಟ್ಟಿ ನೋಡಿದಳು. ಅದೇ ಬೆರಳನ್ನು ಕೂಸಿನ ಹಿಂದಲೆಗೆ ಒಯ್ದಳು.

“ಸಣ್ಣಾಂವ ಇದ್ದಾಗ ಹುಡುಗ್ರು ನಗತಿದ್ರೇನ್ರಿ?”

“ನಗತಿದ್ರವ್ವ.”

“ಹಂಗಾರ ಗಾಯ ಮಾಯಲಿ. ಇನ್ನೊಂದು ಹೊಲೀರಿ.”

ಎರಡನೆಯದರ ಅಂಚಿಗೆ ಅವರು ಮೆತ್ತನೆಯ ಚರ್ಮದ ಪಟ್ಟಿ ಕೊಟ್ಟರು, ಗಾಳಿಯಾಡಲು ದಬ್ಬಳದಿಂದ ತೂತು ಹಾಕಿದರು, ಹೊರಗೆ ಅರಗು ಬಳಿದರು. ವಾರಕ್ಕೊಮ್ಮೆ ಬ್ಯಾಡಗಿಗೆ ಹೋಗಿ, ತಲೆ ಬೆಳೆದಷ್ಟು ಒಳಗಿನ ಅರಳೆ ಕಿತ್ತು ಜಾಗ ಮಾಡಿಕೊಟ್ಟರು. ಮೂರನೆಯ ತಿಂಗಳ ಒಂದು ಮುಂಜಾನೆ ಲಾಡಿ ಬಿಚ್ಚಿ ಅಂಗೈ ಇಟ್ಟರೆ, ತಗ್ಗಿದ್ದಲ್ಲಿ ತಲೆ ಕೈತುಂಬ ಸಿಕ್ಕಿತು. ಅವರು ಕಣ್ಣು ಮುಚ್ಚಿ ಇನ್ನೊಮ್ಮೆ ಹಿಡಿದರು. ಮೈಲಾರಪ್ಪ ಅವರ ಗಡ್ಡ ಹಿಡಿದು ಎಳೆದನಂತೆ.

ಅಲ್ಲಿಂದೀಚೆಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಹನ್ನೊಂದು ಕೂಸುಗಳಿಗೆ ಗಟ್ಟಿ ಕುಲಾವಿ ಆಗಿದೆ. ಎಂಟು ತಲೆಗಳು ಚೆನ್ನಾಗಿ ತುಂಬಿಕೊಂಡವು, ಎರಡು ಅರ್ಧಕ್ಕೆ ನಿಂತವು. ಒಂದು ಮನೆಯವರು ಯಾರದೋ ಮಾತು ಕೇಳಿ ಕುಲಾವಿಯನ್ನು ಹೊಳೆಗೆ ಬಿಟ್ಟರು. ಡಾಕ್ಟರು ನೋಡಿ ಹೇಳದೆ ಗೂಡುಸಾಬರು ಯಾವ ತಲೆಯನ್ನೂ ಮುಟ್ಟುವುದಿಲ್ಲ. ಗಾದಿಗೆಂದು ಬಂದ ಬಾಣಂತಿಯರಿಗೂ ಡಾಕ್ಟರು ಕಲಿಸಿದ್ದನ್ನು ಬಿಡದೆ ಹೇಳುತ್ತಾರೆ. ಕೂಸು ಎಚ್ಚರಿದ್ದಾಗ ಎದುರಿಗೆ ಕೂತು ಹೊಟ್ಟೆಯ ಮೇಲೆ ಡಬ್ಬು ಹಾಕಿ ಆಡಿಸಿ, ಎತ್ತಿಕೊಳ್ಳುವಾಗ ಹೆಗಲು ಬದಲಿಸಿ. ಹಾಗೆ ಮಾಡಿದರೆ ಎಷ್ಟೋ ಕೂಸುಗಳಿಗೆ ತಮ್ಮ ಹೊಲಿಗೆಯೇ ಬೇಡ ಎನ್ನುತ್ತಾರೆ.

ಮೈಲಾರಪ್ಪ ಈಗ ಸಾಲೆಯಲ್ಲಿ ಎರಡನೆಯ ಇಯತ್ತೆ. ಯಾವ ಕಡೆ ಚಪ್ಪಟೆ ಇತ್ತೆಂದು ಕೇಳಿದರೆ ಉಚ್ಚಂಗೆವ್ವ ಮಗನ ತಲೆಯನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಾಳೆ. “ಬಲಕಿತ್ತೋ ಎಡಕಿತ್ತೋ, ನನಗ ಮರತ ಹೋಗೇತ್ರಿ,” ಎನ್ನುತ್ತಾಳೆ.

ಚಪ್ಪರದೊಳಗೆ ಬಿಸಿಲು ಇಳಿದಿದೆ. ಹಾರುವ ಒಂದೊಂದು ಎಳೆಯೂ ಬೆಳಗುತ್ತಿದೆ. ಮುಂದೆ ಏನು ಆಸೆ ಎಂದರೆ ಗೂಡುಸಾಬರು ಬಿಲ್ಲು ನಿಲ್ಲಿಸಿ, ಅಚ್ಚಿನ ನೆತ್ತಿಯ ಮೇಲೆ ಕೂತ ಎಳೆಗಳನ್ನು ಒರೆಸುತ್ತಾರೆ.

“ಈ ಹುಡುಗ್ರು ದೊಡ್ಡವರಾಗಿ ಕಟಿಂಗ್ ಅಂಗಡ್ಯಾಗ ಕುಂದರತಾರಲ್ರಿ. ಕಟಿಂಗ್ ಮಾಡಾಂವ ತಲಿ ತುಂಬ ಕೈ ಆಡಸ್ತಾನ. ಆಡಸಿ, ಏನೂ ಅನ್ನದ ಕತ್ತರಿ ಹಿಡೀಬೇಕು. ಅಷ್ಟಾದ್ರ ಸಾಕು.”